ಗೆರೆ ಏರಿದ ಮಾತ್ರಕ್ಕೆ ಬೆಲೆ ಏರಿತೇ?

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಮಂಡಿಗೆ ಮಾಲು ಹಾಕುವ ನಮಗೆ ತಕ್ಕಡಿ ನೋಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಳ್ಳು ಎಲ್ಲಿ ನಿಂತಿದೆ, ತಟ್ಟೆಯ ಅಡಿಗೆ ಏನಾದರೂ ಅಂಟಿದೆಯೇ, ತೂಗುವವನ ಕಿರುಬೆರಳು ಎಲ್ಲಿದೆ, ಎಲ್ಲವೂ ಕಣ್ಣಿಗೆ ಬೀಳುತ್ತದೆ. ಈಗ ಕರೆಂಟಿನ ತಕ್ಕಡಿ ಬಂದಿದೆ. ಅಲ್ಲೂ ನಾವು ಬಿಡುವುದಿಲ್ಲ: "ಮೊದಲು ಸೊನ್ನೆ ತೋರಿಸಪ್ಪ, ಆಮೇಲೆ ಚೀಲ ಇಡ್ತೀನಿ" ಅನ್ನುತ್ತೇವೆ.

ಆದರೆ ಇನ್ನೊಂದು ತಕ್ಕಡಿ ಇದೆ. ಅದು ಮಂಡಿಯಲ್ಲಿಲ್ಲ, ಕಚೇರಿಯ ಗೋಡೆ ಮೇಲಿದೆ, ಪತ್ರಿಕೆಯ ಪುಟದಲ್ಲಿದೆ, ಸಭೆಯಲ್ಲಿ ಬಿಳಿ ಪರದೆಯ ಮೇಲೆ ಬೀಳುತ್ತದೆ. ಅದಕ್ಕೆ ನಕ್ಷೆ ಅನ್ನುತ್ತಾರೆ, ಗ್ರಾಫ್ ಅನ್ನುತ್ತಾರೆ. ಕಂಬ, ಗೆರೆ, ಬಣ್ಣಬಣ್ಣದ ಚಕ್ರ. ಅದನ್ನು ತೋರಿಸಿ "ನೋಡಿ, ರೈತರ ಬೆಲೆ ಎಷ್ಟು ಏರಿದೆ" ಅನ್ನುತ್ತಾರೆ. ನಾವು ತಲೆದೂಗಿ ಬರುತ್ತೇವೆ, ಊರಿಗೆ ಬಂದ ಮೇಲೆ "ಏರಿದ್ದರೆ ನನ್ನ ಸಾಲ ಯಾಕೆ ತೀರಲಿಲ್ಲ?" ಅಂತ ಕೇಳಿಕೊಳ್ಳುತ್ತೇವೆ. ಆ ಪ್ರಶ್ನೆ ಕೇಳಬೇಕಾದ ಜಾಗ ಜಗಲಿಯಲ್ಲ, ಆ ಸಭೆ. ಅಲ್ಲಿ ಕೇಳಬೇಕಾದರೆ ನಕ್ಷೆ ಓದಲು ಬರಬೇಕು. ಇದೇನು ಬ್ರಹ್ಮವಿದ್ಯೆಯಲ್ಲ. ಹೈಸ್ಕೂಲು ಮೆಟ್ಟಿಲು ಹತ್ತಿದವರಿಗೆಲ್ಲ ಬರುತ್ತದೆ, ಹತ್ತದವರಿಗೂ ಬರುತ್ತದೆ.

ಈ ವಿದ್ಯೆ ಹುಟ್ಟಿದ್ದೇ ನಮ್ಮಂಥವರ ಲೆಕ್ಕದ ಪಕ್ಕದಲ್ಲಿ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತ 1759ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಆಂಡ್ರ್ಯೂ ಮೀಕಲ್ ಎಂಬ ಯಂತ್ರಗಾರನ ಕೈಕೆಳಗೆ ಕೆಲಸ ಕಲಿತ. ಈ ಮೀಕಲ್ ಯಾರೆಂದರೆ ಧಾನ್ಯ ಬಡಿಯುವ ಒಕ್ಕಣೆ ಯಂತ್ರ ಮಾಡಿದವನು. ಆಮೇಲೆ ಪ್ಲೇಫೇರ್ ಉಗಿಯಂತ್ರದ ಜೇಮ್ಸ್ ವಾಟ್ ಹತ್ತಿರ ನಕ್ಷೆಗಾರನಾದ. 1786ರಲ್ಲಿ ಇಂಗ್ಲೆಂಡಿನ ಆಮದು ರಫ್ತಿನ ಲೆಕ್ಕವನ್ನು ಗೆರೆಗಳಲ್ಲಿ ಬರೆದು ಪುಸ್ತಕ ಮಾಡಿದ. ಅದೇ ಪುಸ್ತಕದಲ್ಲಿ ಕಂಬದ ನಕ್ಷೆಯೂ ಇತ್ತು. 1801ರಲ್ಲಿ ಚಕ್ರವನ್ನು ಹೋಳು ಮಾಡಿ ತೋರಿಸಿದ. ಇವತ್ತು ಕಂಪ್ಯೂಟರು ಬಿಡಿಸುವ ಮುಖ್ಯ ಮೂರು ಬಗೆಯ ನಕ್ಷೆಗಳೂ ಈ ಒಬ್ಬ ಮನುಷ್ಯನ ಕೈಯಿಂದ ಬಂದವು. ಆತ ಸಾಲ ತೀರಿಸಲಾಗದೆ ಸೆರೆಮನೆಯನ್ನೂ ಕಂಡವನು. ಅವನ ಕೊನೆಗಾಲದ ನಕ್ಷೆಯೊಂದು ಗೋಧಿಯ ಬೆಲೆಯ ಮೇಲೆಯೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಂಬದ ನಕ್ಷೆ.

ಕಂಬದ ನಕ್ಷೆಯಲ್ಲಿ ಎತ್ತರವೇ ಲೆಕ್ಕ. ಎರಡು ಪಟ್ಟು ಎತ್ತರದ ಕಂಬ ಎಂದರೆ ಎರಡು ಪಟ್ಟು ಬೆಲೆ. ಹೀಗಾಗಬೇಕಾದರೆ ಎಲ್ಲ ಕಂಬವೂ ಸೊನ್ನೆಯಿಂದಲೇ ಏಳಬೇಕು. ಬುಡ ಕತ್ತರಿಸಿದ ಕಂಬ ಸೊನ್ನೆ ತೋರಿಸದ ತಕ್ಕಡಿ ಇದ್ದಂತೆ.

ಲೆಕ್ಕ ನೋಡಿ. ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ 2023-24ರಲ್ಲಿ ಕ್ವಿಂಟಾಲಿಗೆ 2,183 ರೂಪಾಯಿ, 2024-25ರಲ್ಲಿ 2,300 ರೂಪಾಯಿ. ಏರಿದ್ದು 117 ರೂಪಾಯಿ, ನೂರಕ್ಕೆ ಐದು ಚಿಲ್ಲರೆ. ಗ್ರಾಫ್ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೆ 200 ರೂಪಾಯಿ ಅಂತ ಇಟ್ಟುಕೊಂಡು ಸೊನ್ನೆಯಿಂದ ಎಬ್ಬಿಸಿದರೆ ಮೊದಲ ಕಂಬ ಹತ್ತಿರ ಹತ್ತಿರ 11 ಸೆಂಟಿಮೀಟರು, ಎರಡನೆಯದು ಹನ್ನೊಂದೂವರೆ. ಎರಡೂ ಅಣ್ಣತಮ್ಮಂದಿರ ಹಾಗೆ ನಿಲ್ಲುತ್ತವೆ.

ಈಗ ಅದೇ ಲೆಕ್ಕವನ್ನು 2,100 ರೂಪಾಯಿಯಿಂದ ಶುರು ಮಾಡಿ. ಮೊದಲ ಕಂಬಕ್ಕೆ ಉಳಿಯುವುದು 83, ಎರಡನೆಯದಕ್ಕೆ 200. ಒಂದು ಸೆಂಟಿಮೀಟರಿಗೆ 20 ರೂಪಾಯಿ ಅಂತ ಬಿಡಿಸಿದರೆ ಒಂದು ಕಂಬ ನಾಲ್ಕು ಸೆಂಟಿಮೀಟರು, ಇನ್ನೊಂದು ಹತ್ತು. ನೋಡಿದವನು "ಒಂದೇ ವರ್ಷಕ್ಕೆ ಎರಡೂವರೆ ಪಟ್ಟು!" ಅಂತ ಬಾಯಿ ಬಿಡುತ್ತಾನೆ. ಸುಳ್ಳು ಅಂಕಿ ಒಂದೂ ಇಲ್ಲ. ಕಂಬದ ನೆತ್ತಿ ಮೇಲೆ 2,183 ಅಂತಲೇ ಬರೆದಿದೆ, 2,300 ಅಂತಲೇ ಬರೆದಿದೆ. ಆದರೆ ಕಣ್ಣು ಅಂಕಿ ಓದುವ ಮೊದಲು ಎತ್ತರ ಓದಿಬಿಡುತ್ತದೆ. ಆದ್ದರಿಂದ ಕಂಬದ ನಕ್ಷೆ ಕಂಡ ಕೂಡಲೇ ನೆತ್ತಿ ನೋಡಬೇಡಿ, ಬುಡ ನೋಡಿ. "ಸ್ವಾಮಿ, ಇದರ ಸೊನ್ನೆ ಎಲ್ಲಿದೆ?" ಅಂತ ಕೇಳಿ.

ಇನ್ನೊಂದು ಮಾತು ಕೇಳಬೇಕು: ಯಾವ ಕಂಬವನ್ನು ಬಿಟ್ಟಿದ್ದೀರಿ? 2018-19ರಲ್ಲಿ ಖರ್ಚಿನ ಮೇಲೆ ಅರ್ಧ ಸೇರಿಸಿ, ಅಂದರೆ ಒಂದೂವರೆ ಪಟ್ಟು, ಬೆಂಬಲ ಬೆಲೆ ಕೊಡುತ್ತೇವೆ ಎಂದು ಕೇಂದ್ರ ಸರ್ಕಾರ ಸಾರಿತು. ಆ ವರ್ಷ ಭತ್ತಕ್ಕೆ 1,750 ರೂಪಾಯಿ. ಪಕ್ಕದಲ್ಲಿ ತೋರಿಸಿದ ಖರ್ಚಿನ ಕಂಬ 1,166 ರೂಪಾಯಿ. ಲೆಕ್ಕ ಸರಿಯಾಗೇ ಇದೆ, ಒಂದೂವರೆ ಪಟ್ಟು ಹೌದು. ಆದರೆ ಆ 1,166ರಲ್ಲಿ ಏನೇನು ಸೇರಿದೆ? ಬೀಜ, ಗೊಬ್ಬರ, ಔಷಧಿ, ಕೂಲಿ, ಬಾಡಿಗೆ ಅಂತ ಕೈಬಿಟ್ಟ ಖರ್ಚು, ಜೊತೆಗೆ ಮನೆಯವರ ದುಡಿಮೆ. ನಮ್ಮ ಸ್ವಂತ ಜಮೀನಿನ ಗೇಣಿ ಸೇರಿಲ್ಲ, ನಾವು ಹಾಕಿದ ಬಂಡವಾಳದ ಬಡ್ಡಿ ಸೇರಿಲ್ಲ. ಅವೆರಡನ್ನೂ ಸೇರಿಸಿದ ಪೂರ್ತಿ ಖರ್ಚನ್ನು ಇದೇ ಬೆಲೆ ಆಯೋಗ ಲೆಕ್ಕ ಹಾಕುತ್ತದೆ. ಅದು ಆ ವರ್ಷ 1,560 ರೂಪಾಯಿ. ಆ ಕಂಬವನ್ನೂ ಪಕ್ಕದಲ್ಲಿ ನಿಲ್ಲಿಸಿ. 1,560ರ ಪಕ್ಕ 1,750. ಸಿಕ್ಕ ಲಾಭ ನೂರಕ್ಕೆ ಐವತ್ತಲ್ಲ, ಹನ್ನೆರಡು. ಪೂರ್ತಿ ಖರ್ಚಿನ ಒಂದೂವರೆ ಪಟ್ಟು ಎಂದರೆ 2,340 ಆಗಬೇಕಿತ್ತು. ಕ್ವಿಂಟಾಲಿಗೆ 590 ರೂಪಾಯಿ ವ್ಯತ್ಯಾಸ. ಎಕರೆಗೆ 20 ಕ್ವಿಂಟಾಲು ಬೆಳೆದವನಿಗೆ 11,800 ರೂಪಾಯಿ. ಎರಡು ಕಂಬದ ನಕ್ಷೆಗೂ ಮೂರು ಕಂಬದ ನಕ್ಷೆಗೂ ಇರುವ ಬೆಲೆ ಇದು ಬಂಧುಗಳೇ.

ಈಗ ಗೆರೆ ನಕ್ಷೆ.

ವರ್ಷದಿಂದ ವರ್ಷಕ್ಕೆ, ತಿಂಗಳಿಂದ ತಿಂಗಳಿಗೆ ಆಗುವ ಏರಿಳಿತ ತೋರಿಸಲು ಗೆರೆ ನಕ್ಷೆಗಿಂತ ಒಳ್ಳೆಯದಿಲ್ಲ. ಹೊಲದ ಇಳಿಜಾರು ನೋಡಿದ ಹಾಗೆ ನೋಡಬಹುದು. ಇದರಲ್ಲಿ ಕೇಳಬೇಕಾದ ಪ್ರಶ್ನೆ: ಗೆರೆ ಯಾವ ವರ್ಷದಿಂದ ಶುರುವಾಗಿದೆ?

ನಮ್ಮ ರಾಗಿಯನ್ನೇ ತೆಗೆದುಕೊಳ್ಳಿ. ಬೆಂಬಲ ಬೆಲೆ 2012-13ರಲ್ಲಿ 1,500 ರೂಪಾಯಿ, 2013-14ರಲ್ಲೂ 1,500. 2017-18ರಲ್ಲಿ 1,900. ಮರುವರ್ಷ 2018-19ರಲ್ಲಿ ಒಮ್ಮೆಗೇ 2,897. ಅಲ್ಲಿಂದ 2024-25ಕ್ಕೆ 4,290. ಈಗ 2017-18ರಿಂದ ಗೆರೆ ಎಳೆದರೆ ಏಳು ವರ್ಷದಲ್ಲಿ ಎರಡೂಕಾಲು ಪಟ್ಟು. ಒಂದೇ ಒಂದು ವರ್ಷ ಮುಂದಕ್ಕೆ ಹೋಗಿ 2018-19ರಿಂದ ಎಳೆದರೆ ಆರು ವರ್ಷದಲ್ಲಿ ಒಂದೂವರೆ ಪಟ್ಟೂ ತುಂಬುವುದಿಲ್ಲ. ಹೊಗಳಬೇಕಾದವನು ಮೊದಲಿನದನ್ನು ಹಿಡಿಯುತ್ತಾನೆ, ತೆಗಳಬೇಕಾದವನು ಎರಡನೆಯದನ್ನು. ನಾವೂ ಈ ಚಾಳಿಗೆ ಬೀಳಬಾರದು. ಹತ್ತು ಹನ್ನೆರಡು ವರ್ಷದ ಗೆರೆ ಪೂರ್ತಿ ಹಾಕಿ, ನಡುವೆ ಬಂದ ಮೆಟ್ಟಿಲನ್ನೂ ತೋರಿಸಿ, ಆಮೇಲೆ ಮಾತಾಡಿ. ನ್ಯಾಯ ನಮ್ಮ ಕಡೆ ಇದ್ದರೆ ಮುಚ್ಚಿಡುವ ಅಗತ್ಯ ಏನಿದೆ?

ಗೆರೆ ನಕ್ಷೆಯಲ್ಲಿ ಇನ್ನೊಂದು ಗುಂಡಿ ಇದೆ, ಸರಾಸರಿ ಎಂಬ ಗುಂಡಿ. ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ: ಒಂದು ಬೆಳೆಗೆ ಸುಗ್ಗಿಯ ಮೂರು ತಿಂಗಳು ಕ್ವಿಂಟಾಲಿಗೆ 2,000 ರೂಪಾಯಿ, ಉಳಿದ ಒಂಬತ್ತು ತಿಂಗಳು 3,000. ವರ್ಷದ ಸರಾಸರಿ 2,750. ವರ್ಷಕ್ಕೊಂದು ಚುಕ್ಕಿ ಇಡುವ ನಕ್ಷೆಯಲ್ಲಿ ಕಾಣುವುದು ಈ 2,750. ಆದರೆ ನಾವು ಮಾರುವುದು ಯಾವಾಗ? ಕಣದಲ್ಲಿ ರಾಶಿ ಬಿದ್ದ ಕೂಡಲೇ ಸಾಲ ಕೊಟ್ಟವನು ಮನೆ ಬಾಗಿಲಿಗೆ ಬಂದು ನಿಂತಿರುತ್ತಾನೆ. ಐದು ಚೀಲದಲ್ಲಿ ನಾಲ್ಕು ಚೀಲ ಸುಗ್ಗಿಯಲ್ಲೇ ಹೋಯಿತೆನ್ನಿ. ಆಗ ರೈತನ ಕೈಗೆ ಬಿದ್ದ ಸರಾಸರಿ 2,200. ನಕ್ಷೆಯ ಬೆಲೆಗೂ ನಮ್ಮ ಬೆಲೆಗೂ 550 ರೂಪಾಯಿ ಕಂದಕ. ಆ 550 ಹೋದದ್ದು ಗೋದಾಮು ಇದ್ದವನ ಮನೆಗೆ. ಆದ್ದರಿಂದ ತಿಂಗಳ ಬೆಲೆಯ ಗೆರೆ ಕೇಳಿ, ಅದರ ಕೆಳಗೆ ಯಾವ ತಿಂಗಳು ಎಷ್ಟು ಮಾಲು ಮಂಡಿಗೆ ಬಂತು ಎಂಬ ಕಂಬಗಳನ್ನೂ ಕೇಳಿ. ಎರಡನ್ನೂ ಒಂದರ ಕೆಳಗೊಂದು ಇಟ್ಟರೆ ಕಥೆ ತಾನಾಗೇ ಬಾಯಿ ಬಿಡುತ್ತದೆ.

ಈಗ ಪ್ಲೇಫೇರನ ಗೋಧಿಗೆ ಬರೋಣ.

1815ರಲ್ಲಿ ಯೂರೋಪಿನ ದೊಡ್ಡ ಯುದ್ಧ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಗೋಧಿ ಬೆಲೆ ಬಿದ್ದಿತ್ತು. ಕ್ವಾರ್ಟರ್ ಎಂಬ ಅವರ ಅಳತೆಗೆ 80 ಷಿಲಿಂಗ್ ಆಗುವವರೆಗೆ ಪರದೇಶದ ಗೋಧಿ ಬರಕೂಡದು ಅಂತ ಅದೇ ವರ್ಷ ಕಾನೂನು ಮಾಡಿದರು. ಆದರೂ ಬೇಸಾಯದವರ ಗೋಳು ನಿಲ್ಲಲಿಲ್ಲ. 1821ರಲ್ಲಿ ಪಾರ್ಲಿಮೆಂಟು ಈ ಸಂಕಟ ವಿಚಾರಿಸಲು ಸಮಿತಿ ಕೂರಿಸಿತು. ಅದೇ ವರ್ಷ ಪ್ಲೇಫೇರ್ ಬೇಸಾಯದ ಸಂಕಟದ ಮೇಲೆ ಪತ್ರರೂಪದ ಪುಸ್ತಕ ಬರೆದು, 1565ರಿಂದ 1821ರವರೆಗೆ ಸುಮಾರು 250 ವರ್ಷದ ಗೋಧಿ ಬೆಲೆಯನ್ನು ಕಂಬಗಳಲ್ಲೂ, ಒಳ್ಳೆಯ ಕಸುಬುದಾರನ ವಾರದ ಕೂಲಿಯನ್ನು ಗೆರೆಯಲ್ಲೂ ಒಂದೇ ಹಾಳೆಯಲ್ಲಿ ಬಿಡಿಸಿದ.

ಅವನು ಹೇಳಲು ಹೊರಟಿದ್ದು, ಕೂಲಿಗೆ ಹೋಲಿಸಿದರೆ ಗೋಧಿ ಹಿಂದೆಂದೂ ಇಷ್ಟು ಸೋವಿಯಾಗಿರಲಿಲ್ಲ ಎಂದು. ಆದರೆ ಆ ನಕ್ಷೆ ನೋಡಿದವರ ಕಣ್ಣಿಗೆ ಮೊದಲು ಬೀಳುವುದು ಗೋಧಿಯ ಎತ್ತರೆತ್ತರದ ಕಂಬಗಳು, ಕೆಳಗೆ ಚಪ್ಪಟೆಯಾಗಿ ಹರಿಯುವ ಕೂಲಿಯ ಗೆರೆ. ಹೇಳಬೇಕೆಂದದ್ದು ಒಂದು, ಕಾಣುವುದು ಇನ್ನೊಂದು. ಯಾಕೆ? ಒಂದು ಕ್ವಾರ್ಟರ್ ಗೋಧಿಯ ಬೆಲೆ ಒಂದು ವಾರದ ಕೂಲಿಗಿಂತ ಎಷ್ಟೋ ದೊಡ್ಡ ಮೊತ್ತ. ಎರಡನ್ನೂ ಒಂದೇ ಹಾಳೆಯಲ್ಲಿ ನಿಲ್ಲಿಸಿದರೆ ಸಣ್ಣದು ನೆಲ ಕಚ್ಚುತ್ತದೆ. ಅವನು ಬಿಡಿಸಬೇಕಾದದ್ದು ಮೂರನೆಯ ಗೆರೆಯನ್ನು: ಒಂದು ಕ್ವಾರ್ಟರ್ ಗೋಧಿ ಕೊಳ್ಳಲು ಎಷ್ಟು ವಾರ ದುಡಿಯಬೇಕು ಎಂಬುದನ್ನು. ನಕ್ಷೆಯ ವಿದ್ಯೆ ಕಂಡುಹಿಡಿದವನ ನಕ್ಷೆಯಲ್ಲೇ ಈ ಪಾಠ ಇದೆ. ಎರಡು ಗೆರೆ ಒಟ್ಟಿಗೆ ಕಂಡರೆ ಹುಷಾರಾಗಿರಿ. ಎಡಗಡೆ ಒಂದು ಅಳತೆ, ಬಲಗಡೆ ಇನ್ನೊಂದು ಅಳತೆ ಹಾಕಿದ್ದರೆ ಬರೆದವನು ಬೇಕಾದ ಗೆರೆಯನ್ನು ಬೇಕಾದಷ್ಟು ಏರಿಸಬಹುದು, ಇಳಿಸಬಹುದು.

ಆ ಮೂರನೆಯ ಗೆರೆಯನ್ನು ನಾವು ಎಳೆಯೋಣ. ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಕೆಲಸದ ದಿನಗೂಲಿ 2018-19ರಲ್ಲಿ 249 ರೂಪಾಯಿ, 2024-25ರಲ್ಲಿ 349 ರೂಪಾಯಿ ಇತ್ತು. ಹೊಲದ ಕೂಲಿ ಊರಿಂದ ಊರಿಗೆ ಬೇರೆ, ಆದರೆ ಸರ್ಕಾರಿ ಬೆಲೆಗೆ ಸರ್ಕಾರಿ ಕೂಲಿಯನ್ನೇ ಎದುರಿಡೋಣ. ಒಂದು ಕ್ವಿಂಟಾಲು ಭತ್ತ 2018-19ರಲ್ಲಿ ಏಳು ಆಳಿನ ಕೂಲಿಗೆ ಸಮ. 2024-25ರಲ್ಲಿ ಆರೂವರೆ ಆಳಿಗೆ ಇಳಿಯಿತು. ಒಂದು ಕ್ವಿಂಟಾಲು ರಾಗಿ ಹನ್ನೊಂದೂವರೆ ಆಳಿನಿಂದ ಹನ್ನೆರಡು ಚಿಲ್ಲರೆಗೆ ಏರಿತು. ಅಂದರೆ ರಾಗಿಯ ಬೆಂಬಲ ಬೆಲೆ ಕೂಲಿಯ ಜೊತೆ ಹೆಜ್ಜೆ ಹಾಕಿದೆ, ಭತ್ತದ್ದು ಹಿಂದೆ ಬಿದ್ದಿದೆ. ಬರೀ ರೂಪಾಯಿಯ ನಕ್ಷೆಯಲ್ಲಿ ಎರಡೂ ಏರಿದಂತೆಯೇ ಕಾಣುತ್ತಿತ್ತು.

ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಬೇಕು. ಈ ನಕ್ಷೆ ಹಿಡಿದುಕೊಂಡು "ಕೂಲಿ ಏರಿದ್ದರಿಂದಲೇ ನಾವು ಕೆಟ್ಟೆವು" ಅನ್ನುವವರು ನಮ್ಮಲ್ಲೂ ಇದ್ದಾರೆ. ಕೂಲಿಯವನ ಗೆರೆ ಏರಿದ್ದು ಅನ್ಯಾಯವಲ್ಲ, ಅವನೂ ಉಣ್ಣಬೇಕು, ಅವನ ಮಕ್ಕಳೂ ಓದಬೇಕು. ಅದರ ಜೊತೆಗೆ ನಮ್ಮ ಗೆರೆ ಏರಲಿಲ್ಲ ಎಂಬುದೇ ಅನ್ಯಾಯ. ನಕ್ಷೆ ಜಗಳ ಹಚ್ಚುವುದಕ್ಕಲ್ಲ, ದುಡ್ಡು ಯಾರ ಕಡೆ ಹೋಯಿತು ಅಂತ ಹುಡುಕುವುದಕ್ಕೆ.

ಮೂರನೆಯದು ಚಕ್ರದ ನಕ್ಷೆ. ಪಠ್ಯಪುಸ್ತಕದಲ್ಲಿ ವೃತ್ತ ನಕ್ಷೆ ಅನ್ನುತ್ತಾರೆ. ನಾನು ರೊಟ್ಟಿ ನಕ್ಷೆ ಅನ್ನುತ್ತೇನೆ. ಒಂದು ರೊಟ್ಟಿ ಮುರಿದು ಯಾರಿಗೆ ಎಷ್ಟು ತುಂಡು ಅಂತ ತೋರಿಸುವುದು. ಪೂರ್ತಿ ರೊಟ್ಟಿ 360 ಡಿಗ್ರಿ, ನೂರಕ್ಕೆ ಒಂದು ಎಂದರೆ 3.6 ಡಿಗ್ರಿ. ಕೋನಮಾಪಕ ಇರುವ ಮಗುವಿನ ಪೆಟ್ಟಿಗೆ ಸಾಕು.

ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2018-19ನೇ ಸಾಲಿಗೆ ದೇಶದ ಕೃಷಿ ಕುಟುಂಬಗಳ ತಿಂಗಳ ಸರಾಸರಿ ಆದಾಯ 10,218 ರೂಪಾಯಿ ಎಂದು ಲೆಕ್ಕ ಹಾಕಿದರು. ಈ ರೊಟ್ಟಿಯನ್ನು ಮುರಿಯಿರಿ. ಕೂಲಿ ಸಂಬಳದಿಂದ 4,063. ಬೆಳೆಯಿಂದ 3,798. ದನಕರು ಸಾಕಣೆಯಿಂದ 1,582. ಬೇರೆ ವ್ಯಾಪಾರದಿಂದ 641. ಜಮೀನು ಗೇಣಿಗೆ ಕೊಟ್ಟಿದ್ದರಿಂದ 134. ದೊಡ್ಡ ತುಂಡು ಯಾವುದು? ಬೆಳೆಯಲ್ಲ, ಕೂಲಿ! ನೂರಕ್ಕೆ 40 ಕೂಲಿ, 37 ಬೆಳೆ. ಪಹಣಿಯಲ್ಲಿ ನಾವು ಜಮೀನಿನ ಒಡೆಯರು, ಈ ರೊಟ್ಟಿಯಲ್ಲಿ ಮೊದಲು ಕೂಲಿಕಾರರು. ಇದು ರೊಟ್ಟಿ ನಕ್ಷೆಯ ಶಕ್ತಿ, ಒಂದೇ ನೋಟಕ್ಕೆ ನಮ್ಮ ಸ್ಥಿತಿ ಎದುರಿಗೆ ಇಡುತ್ತದೆ.

ಅದರ ಕುಂದೂ ತಿಳಿದಿರಲಿ. ರೊಟ್ಟಿ ನಕ್ಷೆ ಪಾಲು ಹೇಳುತ್ತದೆ, ರೊಟ್ಟಿ ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ. ಎರಡು ವರ್ಷ ಹೋಲಿಸಬೇಕಾದರೆ ಎರಡು ರೊಟ್ಟಿ ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಅಂದಾಜು ಸಿಗುವುದಿಲ್ಲ, ಕಂಬಕ್ಕೇ ಹೋಗಬೇಕು. ಇದೇ ಸಮೀಕ್ಷೆ 2012-13ಕ್ಕೆ ಕೊಟ್ಟ ಲೆಕ್ಕ ಒಟ್ಟು 6,426 ರೂಪಾಯಿ. ಅದರಲ್ಲಿ ಬೆಳೆ 3,081, ಕೂಲಿ 2,071. ಈಗ ಕಂಬ ನಿಲ್ಲಿಸಿ. ಆರು ವರ್ಷದಲ್ಲಿ ಕೂಲಿ ಆದಾಯ ತಿಂಗಳಿಗೆ 1,992 ರೂಪಾಯಿ ಏರಿತು, ಬೆಳೆಯ ಆದಾಯ ಏರಿದ್ದು 717 ರೂಪಾಯಿ. ಒಟ್ಟು ಆದಾಯದ ಕಂಬ ಮಾತ್ರ ತೋರಿಸಿದರೆ "ರೈತರ ಆದಾಯ ನೂರಕ್ಕೆ 59 ಏರಿದೆ" ಅಂತ ಹೇಳಬಹುದು, ಸುಳ್ಳಲ್ಲ. ಆದರೆ ಏರಿದ್ದರಲ್ಲಿ ಹೊಲ ಕೊಟ್ಟಿದ್ದೆಷ್ಟು, ಹೊಲ ಬಿಟ್ಟು ದುಡಿದದ್ದೆಷ್ಟು ಎಂಬುದನ್ನು ಆ ಕಂಬ ನುಂಗಿಕೊಂಡಿತು. ಇದರ ಮೇಲೆ ಆ ಆರು ವರ್ಷದಲ್ಲಿ ಅಂಗಡಿ ಸಾಮಾನಿನ ಬೆಲೆ ಏರಿದ್ದನ್ನೂ ಕಳೆಯಬೇಕು. ರೂಪಾಯಿಯ ನಕ್ಷೆ ಕಂಡಲ್ಲೆಲ್ಲ "ಹಣದುಬ್ಬರ ಕಳೆದಿದ್ದೀರೋ ಇಲ್ಲವೋ" ಅಂತ ಕೇಳಿ.

ಸಾಲದ ವಿಚಾರದಲ್ಲೂ ಇದೇ ಸಮೀಕ್ಷೆಗಳು ಕಣ್ಣು ತೆರೆಸುತ್ತವೆ. ಸಾಲದಲ್ಲಿರುವ ಕೃಷಿ ಕುಟುಂಬಗಳು 2012-13ರ ಸಮೀಕ್ಷೆಯಲ್ಲಿ ನೂರಕ್ಕೆ 51.9, 2019ರಲ್ಲಿ 50.2. ಈ ಎರಡು ಕಂಬ ಬಿಡಿಸಿದರೆ "ಸಾಲಗಾರರು ಕಡಿಮೆಯಾದರು". ಸರಾಸರಿ ಬಾಕಿ ಸಾಲ ಮೊದಲು ಸುಮಾರು 47,000 ರೂಪಾಯಿ, ಆಮೇಲೆ 74,121. ಈ ಎರಡು ಕಂಬ ಬಿಡಿಸಿದರೆ "ಸಾಲ ಒಂದೂವರೆ ಪಟ್ಟು ದಾಟಿತು". ಎರಡೂ ನಕ್ಷೆ ಸತ್ಯ. ಯಾರ ಕೈಯಲ್ಲಿ ಯಾವ ನಕ್ಷೆ ಇರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನೂ ಒಂದು ಸೂಕ್ಷ್ಮ ಇದೆ: ಆ 74,121 ಸಾಲವೇ ಇಲ್ಲದ ಅರ್ಧ ಮನೆಗಳನ್ನೂ ಸೇರಿಸಿ ಹಂಚಿದ್ದು. ಸಾಲ ಇರುವ ಮನೆಗಳಿಗೆ ಮಾತ್ರ ಹಂಚಿದರೆ ಮನೆಗೆ ಸುಮಾರು ಒಂದು ಲಕ್ಷ 48 ಸಾವಿರ ಬೀಳುತ್ತದೆ.

ಸರಾಸರಿಯ ಈ ಮೋಸ ಜಮೀನಿನ ಲೆಕ್ಕದಲ್ಲೂ ಉಂಟು. 2015-16ರ ಕೃಷಿ ಗಣತಿಯ ಪ್ರಕಾರ ದೇಶದಲ್ಲಿ ಸರಾಸರಿ ಹಿಡುವಳಿ 1.08 ಹೆಕ್ಟೇರು. ಒಬ್ಬೊಬ್ಬರಿಗೂ ಎರಡೂವರೆ ಎಕರೆ ಇದ್ದಂತೆ ಕೇಳಿಸುತ್ತದೆ. ಗುಂಪು ಗುಂಪಾಗಿ ಕಂಬ ನಿಲ್ಲಿಸಿದರೆ ನೂರು ಹಿಡುವಳಿಯಲ್ಲಿ 86 ಎರಡು ಹೆಕ್ಟೇರಿಗಿಂತ ಕೆಳಗಿನವು. ಆ 86ರ ಕೈಲಿರುವ ಭೂಮಿ ನೂರಕ್ಕೆ 47. ಸರಾಸರಿ ಎಂಬ ಒಂದು ಚುಕ್ಕಿ ಕೇಳಬೇಡಿ, ಹಂಚಿಕೆಯ ಕಂಬಗಳನ್ನು ಕೇಳಿ.

ಇನ್ನು ಚಿತ್ರದ ನಕ್ಷೆ. ಕಂಬದ ಬದಲು ಗೋಣಿಚೀಲವನ್ನೋ ತೆನೆಯನ್ನೋ ಬಿಡಿಸುವುದು. ಓದು ಬಾರದವರಿಗೂ ತಿಳಿಯುತ್ತದೆ, ಒಳ್ಳೆಯದೇ. ಆದರೆ ಇಳುವರಿ ಎರಡು ಪಟ್ಟಾಯಿತೆಂದು ಚೀಲವನ್ನು ಎರಡು ಪಟ್ಟು ಎತ್ತರ ಬಿಡಿಸಿದರೆ ಅಗಲವೂ ಎರಡು ಪಟ್ಟಾಗಿ ಚಿತ್ರ ನಾಲ್ಕು ಪಟ್ಟು ದೊಡ್ಡದಾಗುತ್ತದೆ. ವಿಯೆನ್ನಾ ನಗರದಲ್ಲಿ 1920ರ ದಶಕದಲ್ಲಿ ಓಟೋ ನ್ಯೂರಾತ್ ಎಂಬಾತ ಸಾಮಾನ್ಯ ಜನರಿಗೆ ಅಂಕಿ ಅಂಶ ತಿಳಿಸಲು ಒಂದು ಸಂಗ್ರಹಾಲಯವನ್ನೇ ನಡೆಸಿದ. ಅವನ ನಿಯಮ ನೇರವಾಗಿತ್ತು: ಹೆಚ್ಚಾದರೆ ಚಿತ್ರ ದೊಡ್ಡದು ಮಾಡಬೇಡ, ಅದೇ ಅಳತೆಯ ಚಿತ್ರವನ್ನು ಹೆಚ್ಚು ಸಲ ಬಿಡಿಸು. ಹತ್ತು ಕ್ವಿಂಟಾಲಿಗೆ ಒಂದು ಚೀಲ ಅಂದರೆ ಇಪ್ಪತ್ತಕ್ಕೆ ಎರಡು ಚೀಲ. ನಮ್ಮ ಕಣದ ಎಣಿಕೆಯೇ ಅದು.

ಇಷ್ಟು ಹೊತ್ತು ಬೇರೆಯವರ ನಕ್ಷೆ ಓದುವುದು ಹೇಳಿದೆ. ಈಗ ನಮ್ಮ ನಕ್ಷೆ ನಾವೇ ಬರೆಯುವುದು.

ಅಧಿಕಾರವಿಲ್ಲದವರು ನಕ್ಷೆ ಹಿಡಿದು ಗೆದ್ದದ್ದುಂಟು. ದಾದಿಯರ ತಾಯಿ ಅಂತ ನಾವು ಓದಿದ ಫ್ಲಾರೆನ್ಸ್ ನೈಟಿಂಗೇಲ್, ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾದ ಕಾಯಿಲೆಯಿಂದ ಸತ್ತರು ಎಂಬುದನ್ನು ತಿಂಗಳು ತಿಂಗಳಿನ ಚಕ್ರದ ನಕ್ಷೆ ಮಾಡಿ 1858ರಲ್ಲಿ ದೊಡ್ಡವರ ಮುಂದೆ ಇಟ್ಟಳು. ಉದ್ದುದ್ದ ವರದಿ ಓದದವರೂ ಆ ಬಣ್ಣದ ಹೋಳು ಕಂಡರು. ಮುಂದೆ ಆಕೆ ನಮ್ಮ ದೇಶದ ಬರ, ನೀರಾವರಿ, ರೈತರ ಸಾಲದ ಬಗ್ಗೆಯೂ ಬರೆದಳು.

ನೀವು ಮಾಡಬೇಕಾದ ಮೊದಲ ನಕ್ಷೆ ಸಾಲದ್ದು. ಒಂದು ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. 50,000 ರೂಪಾಯಿ ಸಾಲ, ಐದು ವರ್ಷ ಬಿಡಿಗಾಸು ಕಟ್ಟಲಿಲ್ಲ, ವರ್ಷಕ್ಕೊಮ್ಮೆ ಬಡ್ಡಿ ಅಸಲಿಗೆ ಸೇರಿತು ಎನ್ನಿ. ವರ್ಷಕ್ಕೆ ನೂರಕ್ಕೆ 7ರ ಬಡ್ಡಿಯಾದರೆ ವರ್ಷ ವರ್ಷವೂ ಚುಕ್ಕಿ ಇಡಿ: 53,500, 57,245, 61,252, 65,540, 70,128. ಈ ಗೆರೆ ಕೆರೆ ಏರಿಯ ಹಾಗೆ ನಿಧಾನ ಏರುತ್ತದೆ. ಕೈಸಾಲ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. "ಮೂರೇ ರೂಪಾಯಿ ತಾನೇ" ಅಂತ ತಂದದ್ದು. ವರ್ಷಕ್ಕೆ ಅದು 36. ಚುಕ್ಕಿ ಇಡಿ: 68,000, 92,480, 1,25,773, 1,71,051, 2,32,629. ಈ ಗೆರೆ ಮೊದಲ ವರ್ಷ ಸಾಧುವಾಗಿ ಹೊರಟು ಮೂರನೆಯ ವರ್ಷಕ್ಕೆ ಬೆಟ್ಟ ಹತ್ತುತ್ತದೆ. ಅದೇ ಹಾಳೆಯಲ್ಲಿ ನಿಮ್ಮ ಬೆಳೆಯ ಆದಾಯದ ಗೆರೆಯನ್ನೂ ಎಳೆಯಿರಿ. ಚಕ್ರಬಡ್ಡಿ ಎಂಬ ಮಾತನ್ನು ನೂರು ಸಲ ಕೇಳಿದರೂ ಆಗದ ಭಯ ಆ ಹಾಳೆ ನೋಡಿದಾಗ ಆಗುತ್ತದೆ. ಭಯ ಪಡಿಸುವುದಕ್ಕೆ ಹೇಳುತ್ತಿಲ್ಲ. ಯಾವ ಸಾಲವನ್ನು ಮೊದಲು ತೀರಿಸಬೇಕು, ಯಾವುದನ್ನು ಸೊಸೈಟಿ ಸಾಲ ತಂದಾದರೂ ಮುರಿಯಬೇಕು ಎಂಬುದು ಎರಡನೆಯ ವರ್ಷದ ಚುಕ್ಕಿಯಲ್ಲೇ ಕಾಣಲಿ, ಐದನೆಯ ವರ್ಷ ಕಂಡರೆ ಏನೂ ಉಳಿದಿರುವುದಿಲ್ಲ.

ಎರಡನೆಯ ನಕ್ಷೆ ನಿಮ್ಮ ಮಂಡಿ ಚೀಟಿಯಿಂದ. ಚೀಟಿ ಎಸೆಯಬೇಡಿ. ಮಾರಿದ ದಿನ, ತೂಕ, ಸಿಕ್ಕ ಬೆಲೆ, ಹಮಾಲಿ, ಕಮಿಷನ್ನು, ಎಲ್ಲ ಒಂದು ನೋಟುಪುಸ್ತಕದಲ್ಲಿ ಇರಲಿ. ಊರಿನ ಇಪ್ಪತ್ತು ಮನೆಯವರು ಒಂದು ವರ್ಷ ಹೀಗೆ ಬರೆದಿಟ್ಟರೆ ಸುಗ್ಗಿಯ ಬೆಲೆಯ ನಕ್ಷೆ ನಿಮ್ಮ ಕೈಯಲ್ಲೇ ಸಿದ್ಧ. ಮೂರನೆಯದು ಖರ್ಚಿನ ನಕ್ಷೆ, ಉಳುಮೆಯಿಂದ ಒಕ್ಕಣೆಯವರೆಗೆ ಒಂದೊಂದಕ್ಕೂ ಒಂದು ಕಂಬ, ಮನೆಯ ಹೆಣ್ಣುಮಕ್ಕಳ ದುಡಿಮೆಗೂ ಒಂದು ಕಂಬ. ಆ ಕಂಬವನ್ನು ಮರೆಯುವ ರೈತ ಬೆಲೆ ಆಯೋಗವನ್ನು ಬೈಯುವ ಹಕ್ಕು ಕಳೆದುಕೊಳ್ಳುತ್ತಾನೆ.

ಸಭೆಗೆ ಹೋಗುವವರು ಈ ಆರು ಪ್ರಶ್ನೆ ಬಾಯಿಪಾಠ ಮಾಡಿಕೊಳ್ಳಿ. ಸೊನ್ನೆ ಎಲ್ಲಿದೆ? ಯಾವ ವರ್ಷದಿಂದ ಶುರು? ಯಾವ ಕಂಬ ಬಿಟ್ಟಿದ್ದೀರಿ? ಇದು ಯಾರ ಸರಾಸರಿ? ಹಣದುಬ್ಬರ ಕಳೆದಿದ್ದೀರಾ? ಅಂಕಿ ಎಲ್ಲಿಂದ ತಂದಿರಿ? ಸಿಟ್ಟಿನಿಂದ ಕೇಳಬೇಡಿ, ಸಮಾಧಾನವಾಗಿ ಕೇಳಿ. ಕೂಗಿದರೆ ಪೊಲೀಸರನ್ನು ಕರೆಯುತ್ತಾರೆ, ಲೆಕ್ಕ ಕೇಳಿದರೆ ಉತ್ತರ ಕೊಡಲೇಬೇಕು. ನಾವು ಬರೆದ ನಕ್ಷೆಗೂ ಇವೇ ಆರು ಪ್ರಶ್ನೆ ಹಾಕಿ, ಉತ್ತರ ಸಿದ್ಧ ಇಟ್ಟುಕೊಂಡೇ ಹೊರಡಿ.

ಈ ಶಿಬಿರ ಮುಗಿಯುವುದರೊಳಗೆ ಒಬ್ಬೊಬ್ಬರೂ ಒಂದೊಂದು ಗ್ರಾಫ್ ಹಾಳೆಯಲ್ಲಿ ನಿಮ್ಮ ಸಾಲದ ಗೆರೆ ಎಳೆದು ತೋರಿಸಬೇಕು. ಹೆಸರು ಬರೆಯುವುದು ಬೇಡ. ಪೆನ್ಸಿಲು, ಅಡಿಪಟ್ಟಿ ಹಿಂದಿನ ಬೆಂಚಿನ ಮೇಲಿವೆ. ಕಣ್ಣು ಮಂಜಾದವರು ಪಕ್ಕದ ಹುಡುಗರ ಸಹಾಯ ತೆಗೆದುಕೊಳ್ಳಿ.